ಎಫ್-1 ವೀಸಾದಲ್ಲಿ ಷೇರು: ಕೊಳ್ಳುವುದಕ್ಕಿಂತ ಮಾರುವಾಗ ಜೋಪಾನ

ನಮಸ್ಕಾರ. ಆಗಸ್ಟ್‌ನಲ್ಲಿ ಎಂಎಸ್‌ಗೆಂದು ಅಮೆರಿಕಕ್ಕೆ ಬಂದಿದ್ದೀರಿ. ಕ್ಯಾಂಪಸ್ ಕೆಲಸದಿಂದ 1,500 ಡಾಲರ್ ಉಳಿದಿದೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗಲೇ ಷೇರಿನ ರುಚಿ ಹತ್ತಿದೆ. ಅಲ್ಲಿನ ಡಿಮ್ಯಾಟ್ ಖಾತೆಯೂ ಮ್ಯೂಚುವಲ್ ಫಂಡ್ ಎಸ್‌ಐಪಿಗಳೂ ಹಾಗೇ ಇವೆ. ಇಲ್ಲಿ ಯಾವ ಷೇರು ಕೊಳ್ಳಲಿ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು, ತೆರಿಗೆ ಲೆಕ್ಕದಲ್ಲಿ ನೀವು ಯಾರು ಅನ್ನುವುದು ಇತ್ಯರ್ಥವಾಗಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಲ್ಲೇ.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ನಾನ್‌ರೆಸಿಡೆಂಟ್, ಅಂದರೆ ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿಯಲ್ಲ. ಡಿಸೆಂಬರ್ 30ಕ್ಕೆ ಬಂದಿಳಿದರೂ ಅದು ಒಂದು ವರ್ಷವೇ. 2025ರಲ್ಲಿ ಬಂದವರಿಗೆ 2029ರ ತನಕ ಈ ಲೆಕ್ಕ. ಕ್ಯಾಂಪಸ್ ಸಂಬಳದ ಮಟ್ಟಿಗೆ ಇದರಿಂದ ತೊಂದರೆಯಿಲ್ಲ, ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುತ್ತದೆ. ಷೇರು ಮಾರಿದ ಲಾಭಕ್ಕೆ ಮಾತ್ರ ನಿಯಮ ಬೇರೆ. ಆ ವರ್ಷ ನೀವು ಇಲ್ಲಿ 183 ದಿನ ಅಥವಾ ಹೆಚ್ಚು ಇದ್ದರೆ, ಅಮೆರಿಕದ ಷೇರಿನ ನಿವ್ವಳ ಲಾಭಕ್ಕೆ ನೇರ ಶೇ 30 ತೆರಿಗೆ. ನಿಮ್ಮ ಆದಾಯ ಎಷ್ಟೇ ಕಡಿಮೆಯಿರಲಿ, ಷೇರು ಎಷ್ಟೇ ವರ್ಷ ಇಟ್ಟುಕೊಂಡಿರಲಿ, ದರ ಅದೇ. ಎಫ್-1 ದಿನಗಳನ್ನು ರೆಸಿಡೆಂಟ್ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಹಾಗಾಗಿ ಈ 183ಕ್ಕೂ ಹಿಡಿಯುವುದಿಲ್ಲ ಎಂದು ಹಲವರು ಅಂದುಕೊಂಡಿದ್ದಾರೆ. ಅದು ತಪ್ಪು, ಇದಕ್ಕೆ ಪ್ರತಿ ದಿನವೂ ಲೆಕ್ಕ. ಆಗಸ್ಟ್ 10ಕ್ಕೆ ಬಂದವರಿಗೆ ಮೊದಲ ವರ್ಷ 144 ದಿನವಷ್ಟೇ ಆಗುವುದರಿಂದ ಆ ವರ್ಷಕ್ಕೆ ಇದು ತಟ್ಟುವುದಿಲ್ಲ. ಎರಡನೆಯ ವರ್ಷದಿಂದ ತಟ್ಟುತ್ತದೆ.

ಲೆಕ್ಕ ಹಾಕಿ ನೋಡಿ. 1,000 ಡಾಲರಿಗೆ ಕೊಂಡದ್ದನ್ನು 1,400ಕ್ಕೆ ಮಾರಿದರೆ ಲಾಭ 400, ತೆರಿಗೆ 120. ಅದೇ ವರ್ಷ ಇನ್ನೊಂದು ಷೇರಿನಲ್ಲಿ 300 ಕಳೆದುಕೊಂಡಿದ್ದರೆ ಉಳಿಯುವ 100ಕ್ಕೆ 30 ಡಾಲರ್. ಆದರೆ ಆ 300ರ ನಷ್ಟ ಈ ವರ್ಷ, 400ರ ಲಾಭ ಮುಂದಿನ ವರ್ಷ ಆದರೆ ಪೂರ್ತಿ 120 ಕಟ್ಟಬೇಕು, ಏಕೆಂದರೆ ನಾನ್‌ರೆಸಿಡೆಂಟ್‌ಗೆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವಿಲ್ಲ. ದಿನಾ ಕೊಂಡು ಮಾರುವವರಿಗೆ ಇದರಷ್ಟು ದೊಡ್ಡ ಪೆಟ್ಟು ಇನ್ನೊಂದಿಲ್ಲ. ಟ್ರೇಡಿಂಗ್ ಒಂದು ಕಸುಬಿನ ಹಾಗೆ ಕಾಣತೊಡಗಿದರೆ ವೀಸಾ ನಿಯಮದ ತಕರಾರೂ ಏಳಬಹುದು. ಅದರ ಹತ್ತಿರ ಹೋಗಬೇಡಿ.

ಕೊಂಡು ಸುಮ್ಮನೆ ಇಟ್ಟುಕೊಂಡರೆ ಈ ತೆರಿಗೆ ಇಲ್ಲ. ಓದು ಮುಗಿದು ಅಕ್ಟೋಬರ್ 1ಕ್ಕೆ ಎಚ್-1ಬಿ (ಉದ್ಯೋಗ ವೀಸಾ) ಶುರುವಾದರೆ ಆ ವರ್ಷ ರೆಸಿಡೆಂಟ್ ಲೆಕ್ಕಕ್ಕೆ ಸಿಗುವುದು 92 ದಿನವಷ್ಟೇ, ಅದು ಸಾಲದು. ಹಾಗಾಗಿ ಸಾಮಾನ್ಯವಾಗಿ ಮರುವರ್ಷದಿಂದ ರೆಸಿಡೆಂಟ್ ಆಗುತ್ತೀರಿ. ಆಮೇಲೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಷೇರಿನ ಲಾಭಕ್ಕೆ ಫೆಡರಲ್ (ಕೇಂದ್ರ ಸರ್ಕಾರದ) ದರ ಆದಾಯ ನೋಡಿಕೊಂಡು ಶೇ 0, 15 ಅಥವಾ 20. ವಿದ್ಯಾರ್ಥಿಯಾಗಿ ಕೊಂಡದ್ದನ್ನು ಆಗ ಮಾರಿ. ರಾಜ್ಯದ ತೆರಿಗೆ ಪ್ರತ್ಯೇಕ.

ಬ್ರೋಕರ್ ಖಾತೆ ತೆರೆಯುವಾಗ ಕೈಗೆ ಬರುವ ನಮೂನೆ ನೋಡಿಯೇ ಮುಂದೆ ಹೋಗಿ. ಡಬ್ಲ್ಯೂ-9 ರೆಸಿಡೆಂಟ್‌ಗಳದ್ದು, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ) ಇದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಸಹಿ ಹಾಕಬೇಡಿ. ನಿಮ್ಮದು ಡಬ್ಲ್ಯೂ-8ಬೆನ್. 2ನೇ ಸಾಲಿನಲ್ಲಿ ಪೌರತ್ವ, 3ರಲ್ಲಿ ಊರಿನ ಖಾಯಂ ವಿಳಾಸ, 4ರಲ್ಲಿ ಇಲ್ಲಿನ ವಿಳಾಸ, 5ರಲ್ಲಿ ಎಸ್‌ಎಸ್‌ಎನ್, 6ಎಯಲ್ಲಿ ಪ್ಯಾನ್, 9ರಲ್ಲಿ ಭಾರತ. 9ನೇ ಸಾಲು ಖಾಲಿ ಬಿಟ್ಟರೆ ಡಿವಿಡೆಂಡ್‌ನಲ್ಲಿ ಶೇ 30 ಹಿಡಿಯುತ್ತಾರೆ, ತುಂಬಿದರೆ ಒಪ್ಪಂದದ ಪ್ರಕಾರ ಶೇ 25. ಸಹಿ ಮಾಡಿದ ವರ್ಷ ಬಿಟ್ಟು ಮುಂದಿನ ಮೂರನೆಯ ವರ್ಷದ ಕೊನೆಗೆ ಇದರ ಅವಧಿ ಮುಗಿಯುತ್ತದೆ.

ಇನ್ನು ಆ 1,500 ಡಾಲರ್. ಎರಡು ಮೂರು ತಿಂಗಳ ಬಾಡಿಗೆ, ಊರಿಗೆ ತುರ್ತಾಗಿ ಹೋಗಬೇಕಾದರೆ ಟಿಕೆಟ್, ಇಷ್ಟಾಗುವ ತನಕ ಷೇರಿಗೆ ಹಾಕಬೇಡಿ. ಈ ಹಣವನ್ನು ಹೆಚ್ಚು ಬಡ್ಡಿಯ ಬ್ಯಾಂಕ್ ಉಳಿತಾಯ ಖಾತೆಯಲ್ಲಿಡಿ. ನಾನ್‌ರೆಸಿಡೆಂಟ್‌ಗೆ ಇಲ್ಲಿನ ಬ್ಯಾಂಕ್ ಬಡ್ಡಿಯ ಮೇಲೆ ಫೆಡರಲ್ ತೆರಿಗೆಯೇ ಇಲ್ಲ, ಎಷ್ಟೋ ಜನ ಗಮನಿಸದ ಅನುಕೂಲ ಇದು. ಊರಿನ ಶಿಕ್ಷಣ ಸಾಲ ಶೇ 10ರದ್ದಾದರೆ, ವಿದ್ಯಾರ್ಥಿಯಾಗಿರುವಾಗಲೇ ಮಾರಿ, ಶೇ 30 ತೆರಿಗೆ ಕಟ್ಟಿ ಅದಕ್ಕೆ ಸರಿಗಟ್ಟಲು ಷೇರು ಶೇ 14ಕ್ಕೂ ಮೀರಿ ಏರಬೇಕು. ರೂಪಾಯಿ ಇಳಿದರೆ ಸಾಲದ ಭಾರ ಸ್ವಲ್ಪ ಹಗುರಾಗುತ್ತದೆ, ನಿಜ. ಆದರೂ ಸಾಲ ತೀರಿಸುವುದೇ ಖಚಿತವಾದ ಗಳಿಕೆ. ಸಾಲದ ಹಣವನ್ನೇ ಷೇರಿಗೆ ಹಾಕುವ ಮಾತನ್ನಂತೂ ಎತ್ತಬೇಡಿ.

ಅದಾದ ಮೇಲೂ ಉಳಿದರೆ, ಎಸ್ ಆಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕ) ಅಥವಾ ಇಡೀ ಅಮೆರಿಕನ್ ಮಾರುಕಟ್ಟೆಯ ಇಂಡೆಕ್ಸ್ ಇಟಿಎಫ್ (ಸೂಚ್ಯಂಕವನ್ನು ಅನುಸರಿಸುವ, ಷೇರಿನಂತೆಯೇ ಕೊಳ್ಳಬಹುದಾದ ಫಂಡ್) ಸಾಕು. ವ್ಯಾನ್‌ಗಾರ್ಡ್‌ನ ವಿಒಒ, ವಿಟಿಐನಂಥವುಗಳ ವಾರ್ಷಿಕ ಖರ್ಚು ಶೇ 0.03, ಅಂದರೆ 1,000 ಡಾಲರಿಗೆ 30 ಸೆಂಟ್. ಹೆಚ್ಚು ಡಿವಿಡೆಂಡ್ ಕೊಡುವ ಷೇರು ಈಗ ಬೇಡ, ಪ್ರತಿ ಸಲವೂ ಕಾಲು ಭಾಗ ತೆರಿಗೆಗೆ ಹೋಗುತ್ತದೆ. ಅದನ್ನು ಮರುಹೂಡಿಕೆಗೆ ಬಿಟ್ಟರೂ ತೆರಿಗೆ ತಪ್ಪದು.

ಊರಿನ ಖಾತೆಗಳ ಕೆಲಸ ಮುಂದೂಡಬೇಡಿ. ಓದಲು ಹೊರಟವರೂ ಫೆಮಾ (ಭಾರತದ ವಿದೇಶಿ ವಿನಿಮಯ ಕಾನೂನು) ಪ್ರಕಾರ ಎನ್‌ಆರ್‌ಐ. ಉಳಿತಾಯ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಬೇಕು, ಹಳೆಯ ಡಿಮ್ಯಾಟ್ ಎನ್‌ಆರ್‌ಐ ಡಿಮ್ಯಾಟ್ ಆಗಬೇಕು, ಫಂಡ್‌ಗಳ ಕೆವೈಸಿ ಬದಲಾಗಬೇಕು. ಅಮೆರಿಕದಲ್ಲಿರುವವರ ಹಣವನ್ನು ಕೆಲವು ಫಂಡ್ ಕಂಪನಿಗಳು ತೆಗೆದುಕೊಳ್ಳುವುದಿಲ್ಲ, ಮೊದಲು ವಿಚಾರಿಸಿ. ಅದಕ್ಕಿಂತ ಮುಖ್ಯವಾದದ್ದು: ನೀವು ಇಲ್ಲಿ ರೆಸಿಡೆಂಟ್ ಆದ ದಿನದಿಂದ ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ಕಣ್ಣಿಗೆ ಪಿಎಫ್‌ಐಸಿ, ಅಂದರೆ ಕಠಿಣ ನಿಯಮಗಳಿರುವ ವಿದೇಶಿ ಹೂಡಿಕೆ ಕಂಪನಿ. ಫಂಡಿಗೊಂದು 8621 ನಮೂನೆ, ಕಠಿಣ ತೆರಿಗೆ, ಅದನ್ನು ತುಂಬಿಕೊಡಲು ಅಕೌಂಟೆಂಟ್ ಕೇಳುವ ಶುಲ್ಕ ಸೇರಿದರೆ ಸಣ್ಣ ಎಸ್‌ಐಪಿಯ ಲಾಭವೇ ಕರಗಿಹೋಗುತ್ತದೆ. ನಾನ್‌ರೆಸಿಡೆಂಟ್ ಆಗಿರುವಾಗಲೇ ಅವನ್ನು ಮಾರಿಬಿಡಿ. ಇಲ್ಲಿ 183 ದಿನ ತುಂಬದ ಮೊದಲ ವರ್ಷದಲ್ಲೇ ಮಾರಿದರೆ ಭಾರತದ ತೆರಿಗೆ ಮಾತ್ರ. ರೆಸಿಡೆಂಟ್ ಆದ ಮೇಲೆ ವಿದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು.

ರಿಟರ್ನ್ ಸಲ್ಲಿಸುವಾಗ ರೆಸಿಡೆಂಟ್‌ಗಳ 1040 ನಮೂನೆ ಅಲ್ಲ, ನಾನ್‌ರೆಸಿಡೆಂಟ್‌ಗಳ 1040-ಎನ್‌ಆರ್. ಷೇರಿನ ಲಾಭ ಅದರ ಶೆಡ್ಯೂಲ್ ಎನ್‌ಇಸಿಯಲ್ಲಿ. ಸ್ನೇಹಿತರು ಬಳಸುವ ತೆರಿಗೆ ಸಾಫ್ಟ್‌ವೇರ್ 1040 ಒಂದನ್ನೇ ಮಾಡಬಹುದು, ಮೊದಲು ನೋಡಿಕೊಳ್ಳಿ. ಜೊತೆಗೆ, ಎಫ್-1 ದಿನಗಳನ್ನು ರೆಸಿಡೆಂಟ್ ಲೆಕ್ಕದಿಂದ ಬಿಡಲು ಕೊಡುವ 8843 ನಮೂನೆಯನ್ನೂ ಇಡಿ. ಸಂಬಳವಿದ್ದವರಿಗೆ ಕಡೆಯ ದಿನ ಏಪ್ರಿಲ್ 15. ಆದಾಯವೇ ಇಲ್ಲದಿದ್ದರೂ 8843 ಒಂದನ್ನು ಜೂನ್ 15ರೊಳಗೆ ಅಂಚೆಗೆ ಹಾಕಬೇಕು.