ಹೊಸ್ತಿಲಿಗೂ ಎರಡೇಟು

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಗಂಗಾವತಿ ಕಡೆಯ ಹುಡುಗ. ಮೂರೂವರೆ ವರ್ಷ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಅಂಗನವಾಡಿಯಲ್ಲಿ ಒಂದೇ ವಾರಕ್ಕೆ ಮೂರು ಮಕ್ಕಳನ್ನು ಕಚ್ಚಿದ್ದ. "ನಾಕು ದಿನ ಕಳಿಸಬ್ಯಾಡ್ರಿ" ಎಂದು ಟೀಚರ್ ಹೇಳಿದ ಮೇಲೆ ಅಮ್ಮ, ಅಜ್ಜಿ ನನ್ನ ಹತ್ತಿರ ಸಲಹೆಗೆ ಕರೆದುಕೊಂಡು ಬಂದರು.

ಒಳಗೆ ಬರುವಾಗಲೇ ಹುಡುಗ ಹೊಸ್ತಿಲು ಎಡವಿ ಬಿದ್ದ. ಅಜ್ಜಿ ಹೊಸ್ತಿಲಿಗೆ ಎರಡೇಟು ಹಾಕಿದರು. "ನಮ್ಮ ತಮ್ಮನ್ನ ಬೀಳಸ್ತೀಯೇನು? ತಗೋ!" ಹುಡುಗ ಅಳು ನಿಲ್ಲಿಸಿ ತಾನೂ ಒಂದು ಬಾರಿಸಿದ. ಯಾಕೆ ಕಚ್ಚುತ್ತಾನೆ ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

"ಎಲ್ಲಾರ ಮನ್ಯಾಗೂ ಹಿಂಗ ಮಾಡ್ತಾರಲ್ರೀ" ಎಂದರು ಅಜ್ಜಿ. ನಿಜ, ನಮ್ಮಜ್ಜಿಯೂ ಮಾಡುತ್ತಿದ್ದರು. ಕೇಳುತ್ತಾ ಹೋದಂತೆ ಇನ್ನೂ ಬಂತು. ಸೋದರಮಾವ "ನನಗೊಂದು ಹೊಡಿ ನೋಡೋಣ" ಅಂತಾನೆ. ಹೊಡೆದರೆ ಮನೆಯವರೆಲ್ಲ ನಗುತ್ತಾರೆ. ಅದೇ ಕೈ ಅಂಗನವಾಡಿಯಲ್ಲಿ ಎದ್ದರೆ ಅಪ್ಪ ಬಡಿಯುತ್ತಾನೆ. ಯಾವುದು ಆಟ, ಯಾವುದು ತಪ್ಪು, ಮಗುವಿಗೆ ಹೇಗೆ ಗೊತ್ತಾಗಬೇಕು?

ಇನ್ನರ್ಧ ಮಾತಿನದು. ಹುಡುಗ "ಬಾ", "ನೀರು" ಅಂತ ಒಂದೊಂದೇ ಪದ ಆಡುತ್ತಿದ್ದ. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಮೂರು ಪದ ಕೂಡಿಸುತ್ತಾರೆ. ಕಿವಿ ಸೋರುತ್ತಾ ಎಂದೆ. "ಆಗಾಗ ಸೋರ್ತದ್ರಿ" ಎಂದರು ಅಮ್ಮ, ಅದೇನು ದೊಡ್ಡದು ಅನ್ನುವ ಹಾಗೆ. ಕಿವಿ ಸರಿಯಾಗಿ ಕೇಳಿಸದಿದ್ದರೆ ಮಾತು ತಡವಾಗುತ್ತೆ. "ನನ್ನ ಗೊಂಬೆ ಕೊಡು" ಅನ್ನಲು ಬಾರದವನ ಪರವಾಗಿ ಹಲ್ಲು ಮಾತಾಡುತ್ತೆ. ಮೊದಲು ಜಿಲ್ಲಾಸ್ಪತ್ರೆಗೆ, ಕಿವಿ ಪರೀಕ್ಷೆಗೆ ಕಳಿಸಿದೆ.

ಎರಡು-ಮೂರು ವರ್ಷಕ್ಕೆ ಹೊಡೆಯೋದು, ಕಚ್ಚೋದು ಜಾಸ್ತಿಯೇ ಇರುತ್ತೆ, ಮಾತು ಬಲಿತಂತೆ ಇಳಿಯುತ್ತೆ. ಅದಕ್ಕೇ ಅವನಿಗೆ "ರೌಡಿ" ಅಂತ ಹೆಸರಿಡಬೇಡಿ ಎಂದೆ. ಹೊಡೆಯೋ ಆಟ ಇವತ್ತಿಗೇ ಬಂದ್. ಕೈ ಎತ್ತಿದರೆ ಕೈ ಹಿಡಿದು, ಕೂಗಾಡದೆ, "ಹೊಡಿಯಂಗಿಲ್ಲ" ಅಷ್ಟೇ ಅನ್ನಿ. ಮೊದಲು ಪೆಟ್ಟು ತಿಂದ ಮಗುವನ್ನು ಎತ್ತಿಕೊಳ್ಳಿ. ಆಮೇಲೆ ಇವನಿಗೆ "ನಂದು, ಕೊಡು" ಅಂತ ಹೇಳಿಕೊಡಿ. ಕೇಳಿ ಪಡೆದ ದಿನ ಮೆಚ್ಚಿ. ಅಪ್ಪ ಬಡಿಯೋದು ನಿಲ್ಲಲೇಬೇಕು, ಬಡಿದು ಬಡಿಯಬೇಡ ಅಂದರೆ ಯಾರು ಕೇಳ್ತಾರೆ? ಯಾವಾಗ ಕಚ್ಚಿದ ಅಂತ ಬರೆದಿಡಲು ಟೀಚರಿಗೂ ಹೇಳಿಕಳಿಸಿದೆ. ಹೆಚ್ಚಿನದೆಲ್ಲ ಊಟಕ್ಕೆ ಸ್ವಲ್ಪ ಮೊದಲು ಆಗಿತ್ತು. ಬೆಳಿಗ್ಗೆ ಬರೀ ಚಹಾ ಕುಡಿದು ಹೋಗುತ್ತಿದ್ದನಂತೆ! ಈಗ ರೊಟ್ಟಿ ತಿಂದು ಹೋಗುತ್ತಾನೆ.

ಆರು ವಾರ ಆಯಿತು. ಕಿವಿಗೆ ಚಿಕಿತ್ಸೆ ನಡೆದಿದೆ. ಕಚ್ಚೋದು ಕಡಿಮೆಯಾಗಿದೆ, ನಿಂತಿಲ್ಲ. ಅಪ್ಪ ಇನ್ನೂ ಒಮ್ಮೆಯೂ ಬಂದಿಲ್ಲ. ಮಿಲ್ಲಿಗೆ ರಜೆ ಇರುವ ದಿನ ಕರೆತರಲು ಹೇಳಿದ್ದೇನೆ.