ಹತ್ತನೇ ಫಿಬೊನಾಚಿ ಸಂಖ್ಯೆ 34ಓ, 55ಓ?

ಪ್ರಶ್ನೆ: ಸಂಖ್ಯಾ ಸರಣಿಗಳಿಗಾಗಿ ಒಂದು ಚಿಕ್ಕ ಟೂಲ್ ಬರೆದಿದ್ದೇನೆ. ಕೆಲವು ಸಂಖ್ಯೆ ಕೊಟ್ಟರೆ ಅದು ಯಾವ ಸರಣಿ ಎಂದು ಹುಡುಕುತ್ತದೆ. ಸರಣಿಯ ಹೆಸರು, ಸ್ಥಾನ ಎರಡನ್ನೂ ಕೊಟ್ಟರೆ ಆ ಜಾಗದ ಸಂಖ್ಯೆ ಹೇಳುತ್ತದೆ. ಜನ ಬಳಸುವಾಗ ತೊಂದರೆಯೇ ಇರಲಿಲ್ಲ. ತಾನೇ ಟೂಲ್ ಬಳಸಿ ಕೆಲಸ ಮಾಡುವ ಎಐ ಏಜೆಂಟ್‌ಗೆ ಜೋಡಿಸಿದ ಮೇಲೆ ಹತ್ತನೇ ಫಿಬೊನಾಚಿ ಸಂಖ್ಯೆ ಒಮ್ಮೆ 34 ಅನ್ನುತ್ತದೆ, ಒಮ್ಮೆ 55. ಡಾಕ್ಯುಮೆಂಟೇಶನ್ ನಾಲ್ಕು ಪುಟ ಇದೆ. ಇನ್ನೂ ಜಾಸ್ತಿ ಬರೆಯಬೇಕಾ?

ಉತ್ತರ: ಬೇಡ, ಕಡಿಮೆ ಮಾಡಿ. ಫಿಬೊನಾಚಿ ಅಂದರೆ ಏನು, ಅದರ ಸೊಗಸೇನು ಎಂದು ಬರೆದಿದ್ದರೆ ಅದನ್ನೆಲ್ಲ ತೆಗೆಯಿರಿ. ಅದು ಏಜೆಂಟ್‌ನ ಒಳಗಿರುವ ಎಐ ಮಾಡೆಲ್‌ಗೆ ಮೊದಲೇ ಗೊತ್ತು. ನಿಮ್ಮ ಟೂಲ್ ಎಣಿಕೆಯನ್ನು ಎಲ್ಲಿಂದ ಶುರು ಮಾಡುತ್ತದೆ ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ. ಮನುಷ್ಯನಾದರೆ ಅನುಮಾನ ಬಂದಾಗ ಒಂದೆರಡು ಸಲ ಒತ್ತಿ ನೋಡಿ ತಿಳಿದುಕೊಳ್ಳುತ್ತಾನೆ. ಏಜೆಂಟ್ ಎಷ್ಟೋ ಸಲ ಊಹೆ ಮಾಡಿ ಮುಂದೆ ಹೋಗಿಬಿಡುತ್ತದೆ.

ನಿಮ್ಮ ಎರಡೂ ಉತ್ತರ ಸರಿಯೇ, ನೋಡಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಸರಣಿ ಹೀಗಿದೆ: 0, 1, 1, 2, 3, 5, 8, 13, 21, 34, 55. ಆ ಸೊನ್ನೆಯನ್ನು ಒಂದನೆಯದು ಎಂದು ಎಣಿಸಿದರೆ ಹತ್ತನೆಯದು 34. ಸೊನ್ನೆ ಇರುವ ಜಾಗವೇ 0ನೇ ಸ್ಥಾನ ಎಂದರೆ 10ನೇ ಸ್ಥಾನದಲ್ಲಿ 55. ‘ಎಣಿಕೆ ಯಾವಾಗಲೂ ಸೊನ್ನೆಯಿಂದ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳೋಣ ಅನಿಸುತ್ತದೆ. ಆದರೆ ಅವಿಭಾಜ್ಯ ಸಂಖ್ಯೆಗಳಲ್ಲಿ 2 ಅನ್ನು ಯಾರೂ ‘ಸೊನ್ನೆಯನೇ ಅವಿಭಾಜ್ಯ’ ಅನ್ನುವುದಿಲ್ಲ, ಅಲ್ವಾ? ನೀಲ್ ಸ್ಲೋನ್ 1964ರಲ್ಲಿ ಶುರು ಮಾಡಿದ ಸಂಗ್ರಹ ಈಗ ಓಇಐಎಸ್ ಎಂಬ ಸಂಖ್ಯಾ ಸರಣಿಗಳ ಆನ್‌ಲೈನ್ ವಿಶ್ವಕೋಶವಾಗಿದೆ. ಅದರಲ್ಲಿ ಪ್ರತಿ ಸರಣಿಗೂ ‘ಆಫ್‌ಸೆಟ್’, ಅಂದರೆ ಮೊದಲ ಸಂಖ್ಯೆಯ ಸ್ಥಾನ ಎಷ್ಟು ಎಂದು ಬೇರೆಯಾಗಿಯೇ ಬರೆದಿರುತ್ತಾರೆ. ಫಿಬೊನಾಚಿಗೆ 0, ಅವಿಭಾಜ್ಯಕ್ಕೆ 1. ನೀವೂ ಅದನ್ನೇ ಮಾಡಿ. ಬರೀ ಡಾಕ್ಯುಮೆಂಟೇಶನ್‌ನಲ್ಲಿ ಅಲ್ಲ, ಟೂಲ್ ಕೊಡುವ ಉತ್ತರದಲ್ಲೂ ಆಫ್‌ಸೆಟ್ ಬರಲಿ. ವಿವರಣೆಗೆ ಇಷ್ಟು ಸಾಕು:

‘ಸ್ಥಾನ: ಪೂರ್ಣಾಂಕ. ಸರಣಿಯ ಆಫ್‌ಸೆಟ್‌ನಿಂದ ಎಣಿಕೆ. ಫಿಬೊನಾಚಿ, ಸ್ಥಾನ 0 ಕೊಟ್ಟರೆ 0. ಸ್ಥಾನ 10 ಕೊಟ್ಟರೆ 55. ಅವಿಭಾಜ್ಯ, ಸ್ಥಾನ 1 ಕೊಟ್ಟರೆ 2. ಸ್ಥಾನ 0 ಕೊಟ್ಟರೆ ದೋಷ.’

ಒಂದು ಪ್ಯಾರಾ ವಿವರಣೆಗಿಂತ ಈ ನಾಲ್ಕು ಉದಾಹರಣೆ ಮೇಲು. ಅದರಲ್ಲೂ ಕೊನೆಯದು. ಟೂಲ್‌ಗೆ ಕಳಿಸುವ ಕೋರಿಕೆ, ಅಂದರೆ ಕರೆ, ತಪ್ಪಾದರೆ ಹೇಗಿರುತ್ತದೆ ಎಂದು ತೋರಿಸುವವರೇ ಕಡಿಮೆ.

ಸರಣಿ ಹುಡುಕುವ ಭಾಗದಲ್ಲಿ ಎಡವುವ ಜಾಗ ಇನ್ನೊಂದಿದೆ. 1, 2, 4, 8, 16 ಕೊಟ್ಟರೆ ಮುಂದಿನದು 32 ಎಂದು ಯಾರಾದರೂ ಹೇಳುತ್ತಾರೆ. ಆದರೆ ವೃತ್ತದ ಮೇಲೆ ಚುಕ್ಕಿ ಇಟ್ಟು, ಪ್ರತಿ ಎರಡು ಚುಕ್ಕಿಗೂ ಗೆರೆ ಎಳೆದು, ಒಳಗೆ ಹೆಚ್ಚೆಂದರೆ ಎಷ್ಟು ತುಂಡಾಗುತ್ತದೆ ಎಂದು ಎಣಿಸಿ ನೋಡಿ. ಐದು ಚುಕ್ಕಿಗೆ 16, ಆರಕ್ಕೆ 31. ಹಾಗಾಗಿ ಟೂಲ್ ಒಂದೇ ಉತ್ತರ ಕೊಡದೆ ಪಟ್ಟಿ ಕೊಡಲಿ. ‘ಇವು ಹೊಂದುವ ಸರಣಿಗಳು, ಮೊದಲನೆಯದೇ ಸರಿ ಎಂದಲ್ಲ’ ಎಂದು ಬಿಡಿಸಿ ಬರೆಯಿರಿ. ಬರೆಯದಿದ್ದರೆ ಏಜೆಂಟ್ ಪಟ್ಟಿಯ ಮೊದಲನೆಯದನ್ನೇ ಎತ್ತಿಕೊಂಡು ಧೈರ್ಯವಾಗಿ ಹೇಳಿಬಿಡಬಹುದು. ಎಷ್ಟು ಸಂಖ್ಯೆ ಕೊಡಬೇಕು ಎಂದೂ ತಿಳಿಸಿ. ಸುಮಾರು ಆರು ಕೊಡಿ, ಮೊದಲ ಒಂದೆರಡನ್ನು ಬಿಡಿ ಅನ್ನೋದು ಓಇಐಎಸ್‌ನ ಹಳೆಯ ಸಲಹೆ. ಸರಣಿ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ಜನರಿಗೆ ಒಮ್ಮತ ಇರುವುದಿಲ್ಲವಲ್ಲ!

ಏನೂ ಸಿಗದಿದ್ದಾಗ ಖಾಲಿ ಪಟ್ಟಿ, ಕೆಟ್ಟಾಗ ದೋಷ. ಎರಡನ್ನೂ ಬೆರೆಸಬೇಡಿ. ದೋಷದ ಸಂದೇಶದಲ್ಲಿ ಮುಂದೇನು ಮಾಡಬೇಕು ಅನ್ನೋದು ಇರಲಿ: ‘ಅವಿಭಾಜ್ಯ ಸರಣಿಯ ಆಫ್‌ಸೆಟ್ 1. ನೀವು 0 ಕೊಟ್ಟಿದ್ದೀರಿ. 1 ಅಥವಾ ಹೆಚ್ಚಿನದು ಕೊಡಿ.’ ‘ಅಮಾನ್ಯ ಇನ್‌ಪುಟ್’ ಎಂದಷ್ಟೇ ಬಂದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತಾ ಕೂರಬಹುದು.

ದೊಡ್ಡ ಸಂಖ್ಯೆಗಳನ್ನು ಜೇಸನ್‌ನಲ್ಲಿ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ರೂಪ) ಅಂಕಿಯಾಗಿ ಕಳಿಸಬೇಡಿ, ಸ್ಟ್ರಿಂಗ್ ಆಗಿ, ಅಂದರೆ ಪಠ್ಯವಾಗಿ ಕಳಿಸಿ. 79ನೇ ಸ್ಥಾನದ ಫಿಬೊನಾಚಿ 14472334024676221. ಜಾವಾಸ್ಕ್ರಿಪ್ಟ್ ಅದನ್ನು ಸಾಮಾನ್ಯ ಅಂಕಿಯಾಗಿ ಓದಿದರೆ ಕೊನೆಯ 1 ಹೋಗಿ 0 ಆಗುತ್ತದೆ. 2ರ 53ನೇ ಘಾತ ದಾಟಿದ ಮೇಲೆ ಎಲ್ಲ ಪೂರ್ಣಾಂಕಕ್ಕೂ ಅಲ್ಲಿ ಜಾಗವಿಲ್ಲ. ದೋಷ ಬರುವುದಿಲ್ಲ, ಉತ್ತರ ಸುಮ್ನೆ ತಪ್ಪಾಗಿರುತ್ತದೆ.

ಬರೆದಾದ ಮೇಲೆ ಹೊಸ ಸೆಷನ್ ತೆರೆದು, ಆ ವಿವರಣೆಯನ್ನಷ್ಟೇ ಕೊಟ್ಟು ಹತ್ತು ಪ್ರಶ್ನೆ ಕೇಳಿ. ಕೊನೆಯ ಉತ್ತರ ಬಿಡಿ, ಟೂಲ್‌ಗೆ ಏಜೆಂಟ್ ಏನು ಕಳಿಸಿತು ಎಂದು ಲಾಗ್‌ನಲ್ಲಿ (ನಡೆದದ್ದರ ದಾಖಲೆ) ನೋಡಿ. ಒಮ್ಮೆ ನಾನು ‘ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಬೇರ್ಪಡಿಸಿ’ ಎಂದು ಬರೆದಿದ್ದೆ. ಏಜೆಂಟ್ ಹಾಗೇ ಮಾಡಿತು. ಸಾವಿರವನ್ನು ಮಾತ್ರ 1,000 ಎಂದು ಕಳಿಸಿತು. ನನ್ನ ಟೂಲ್ ಅದನ್ನು ಒಂದು, ಸೊನ್ನೆ ಎಂದು ಓದಿ, ಅಂಥ ಸರಣಿಯೇ ಇಲ್ಲ ಎಂದಿತು. ವಿವರಣೆಯನ್ನು ಮೂರು ಸಲ ತಿದ್ದಿದೆ. ಕೊನೆಗೆ ಎಲ್ಲ ಸಂಖ್ಯೆಗಳ ಒಂದೇ ಸ್ಟ್ರಿಂಗ್ ಬಿಟ್ಟು ಅರೇ (ಪ್ರತಿ ಸಂಖ್ಯೆಯೂ ಬೇರೆ ಬೇರೆಯಾಗಿರುವ ಪಟ್ಟಿ) ತೆಗೆದುಕೊಳ್ಳುವಂತೆ ಟೂಲನ್ನೇ ಬದಲಾಯಿಸಿದೆ. ಆಮೇಲೆ ಆ ಸಾಲು ಬೇಕಾಗಲೇ ಇಲ್ಲ.