ಸುಪ್ರೀಂ ಕೋರ್ಟ್ ಹೇಗೆ ಹುಟ್ಟಿತು, ಮಂಡ್ಯದ ಮೊಕದ್ದಮೆ ಅಲ್ಲಿಗೆ ಹೋಗುವುದು ಹೇಗೆ?

ಪಾಂಡವಪುರದ ಗದ್ದೆಯ ಬದುವಿನ ವ್ಯಾಜ್ಯವೊಂದು ಸಾಮಾನ್ಯವಾಗಿ ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ, ಮೇಲ್ಮನವಿಗಳ ಮೂಲಕ ಬೆಂಗಳೂರಿನ ಹೈಕೋರ್ಟ್ ತಲುಪಿ, ಆನಂತರವೇ ದೆಹಲಿಯ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಸಂವಿಧಾನದ 136ನೇ ವಿಧಿಯಡಿ ಮೇಲ್ಮನವಿ ಸಲ್ಲಿಸಲು ವಿಶೇಷ ಅನುಮತಿ ಕೋರಬೇಕಾಗುತ್ತದೆ. ಅನುಮತಿ ನೀಡುವುದು ನ್ಯಾಯಾಲಯದ ವಿವೇಚನೆ, ಕಕ್ಷಿದಾರರ ಹಕ್ಕಲ್ಲ. ಇದನ್ನು ನಮ್ಮ ಕಡೆ ಹಲವರು ಮರೆಯುತ್ತಾರೆ.

ಬ್ರಿಟಿಷರ ಆಳ್ವಿಕೆಯಲ್ಲಿ 1937ರಲ್ಲಿ ಫೆಡರಲ್ ಕೋರ್ಟ್ ಸ್ಥಾಪನೆಯಾದರೂ ಅಂತಿಮ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಬ್ರಿಟಿಷ್ ಮೇಲ್ಮನವಿ ಮಂಡಳಿಗೇ ಹೋಗುತ್ತಿತ್ತು. ಆ ವ್ಯವಸ್ಥೆ 1949ರಲ್ಲಿ ಕೊನೆಗೊಂಡಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಚೀಫ್ ಕೋರ್ಟ್ ಇತ್ತು. 1884ರಲ್ಲಿ ಸ್ಥಾಪನೆಯಾದ ಅದು 1930ರಲ್ಲಿ ಹೈಕೋರ್ಟ್ ಎನಿಸಿಕೊಂಡಿತು.

1950ರ ಜನವರಿ 28ರಂದು ಸಂಸತ್ ಭವನದಲ್ಲೇ ಉದ್ಘಾಟನೆಗೊಂಡ ಸುಪ್ರೀಂ ಕೋರ್ಟ್, 1958ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಮುಖ್ಯ ನ್ಯಾಯಮೂರ್ತಿ ಸೇರಿ 8 ಇದ್ದ ಹುದ್ದೆಗಳು 2019ರಲ್ಲಿ 34ಕ್ಕೇರಿದವು. ಬಹುತೇಕ ಪ್ರಕರಣಗಳನ್ನು ಇಬ್ಬರು ಅಥವಾ ಮೂವರ ಪೀಠ ಕೇಳುತ್ತದೆ; ಸಂವಿಧಾನದ ಅರ್ಥವಿವರಣೆಯ ಗಹನ ಪ್ರಶ್ನೆ ಬಂದಾಗ ಕನಿಷ್ಠ ಐವರು ಕೂರಬೇಕು. ಅಂದಹಾಗೆ, 1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಇದೇ ಪಾಂಡವಪುರ ಸೀಮೆಯವರು.